ಥೆರಪಿ ಎಷ್ಟು ಗಂಟೆ ಅನ್ನೋದಕ್ಕೆ ಮೊದಲು, ಯಾವುದಕ್ಕೆ ಅಂತ ಕೇಳಿ

ಸಾಮಾನ್ಯವಾಗಿ ನಾವು ಒಂದು ಸಂಶೋಧನೆಯನ್ನ ಎತ್ತಿಕೊಂಡು ಅದರ ಹಿಂದಿರೋ ವಿಜ್ಞಾನವನ್ನ ಬಿಡಿಸಿ ಹೇಳ್ತೀವಿ. ಇವತ್ತಿನದು ಅಭಿಪ್ರಾಯದ ಸಂಚಿಕೆ. ವಿಷಯ ಆಟಿಸಂ, ಕನ್ನಡದಲ್ಲಿ ಸ್ವಲೀನತೆ ಅಂತಲೂ ಬರೀತಾರೆ. ಅದರಲ್ಲೂ ಮಗುವಿಗೆ ಆಟಿಸಂ ಇರಬಹುದು ಅನ್ನೋ ಮಾತು ಕಿವಿಗೆ ಬಿದ್ದ ನಂತರದ ಮೊದಲ ಕೆಲವು ತಿಂಗಳು ಅಪ್ಪ ಅಮ್ಮ ಏನು ಮಾಡಬೇಕು ಅನ್ನೋದು.

ನಾವು ಜೀವಶಾಸ್ತ್ರದ ಸಂಶೋಧಕರು. ಮಕ್ಕಳ ಡಾಕ್ಟರೂ ಅಲ್ಲ, ಥೆರಪಿಸ್ಟೂ ಅಲ್ಲ. ಸಂಶೋಧನಾ ಲೇಖನಗಳನ್ನ ಓದಿ, ಯಾವುದು ಕಾಳು ಯಾವುದು ಜೊಳ್ಳು ಅಂತ ಬೇರೆ ಮಾಡೋದು ನಮ್ಮ ಕಸುಬು. ಹಾಗಾಗಿ ಇಲ್ಲಿ ಹೇಳೋದನ್ನ ಡಾಕ್ಟರ ಸಲಹೆಗೆ ಬದಲಿ ಅಂತ ತಗೋಬೇಡಿ. ಡಾಕ್ಟರ ಹತ್ತಿರ ಹೋಗುವಾಗ ಕೈಯಲ್ಲಿ ಇರಬೇಕಾದ ಪ್ರಶ್ನೆಗಳು ಅಂತ ತಗೊಳ್ಳಿ.

ಅಮೆರಿಕದ ಕನ್ನಡ ಮನೆಗಳಲ್ಲಿ ಇದು ಹೆಚ್ಚುಕಮ್ಮಿ ಒಂದೇ ಥರ ನಡೆಯುತ್ತೆ. ಮಗುವಿನ 18 ಅಥವಾ 24 ತಿಂಗಳ ತಪಾಸಣೆಯಲ್ಲಿ 20 ಪ್ರಶ್ನೆಗಳ ಒಂದು ಹಾಳೆ ಕೊಡ್ತಾರೆ. ಅದಕ್ಕೆ ಎಂ-ಚಾಟ್ ಅಂತ ಹೆಸರು. ಅಂಕ ಒಂದು ಮಿತಿ ದಾಟಿದ್ರೆ ತಜ್ಞರ ಹತ್ತಿರ ಹೋಗಿ ಅಂತಾರೆ. ಅವತ್ತು ರಾತ್ರಿ ಊರಿಗೆ ವಿಡಿಯೋ ಕಾಲ್ ಮಾಡಿದ್ರೆ, ‘ನಿಮ್ಮಪ್ಪನೂ ಮೂರು ವರ್ಷ ತುಂಬಿದ ಮೇಲೇ ಮಾತಾಡಿದ್ದು, ಸುಮ್ನಿರಿ’ ಅನ್ನೋ ಸಮಾಧಾನ ಸಿಗುತ್ತೆ. ತಜ್ಞರ ಅಪಾಯಿಂಟ್‌ಮೆಂಟ್‌ಗೆ ತಿಂಗಳುಗಟ್ಟಲೆ ಕಾಯಬೇಕು. ಕೊನೆಗೆ ಒಂದು ದಪ್ಪ ರಿಪೋರ್ಟ್ ಬರುತ್ತೆ. ಅದರ ಕೊನೆಯ ಪುಟದಲ್ಲಿ ವಾರಕ್ಕೆ 25 ಗಂಟೆ, 30 ಗಂಟೆ ಎಬಿಎ ಅಂತ ಇರುತ್ತೆ. ಎಬಿಎ ಅಂದರೆ ವರ್ತನೆಯನ್ನ ಗಮನಿಸಿ, ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಹೊಸದನ್ನ ಕಲಿಸೋ ವರ್ತನಾ ಚಿಕಿತ್ಸೆ. ಅಲ್ಲಿಂದ ಮನೆಯವರ ಚರ್ಚೆಯೆಲ್ಲ ಆ ಗಂಟೆಗಳ ಸುತ್ತಲೇ. ಯಾವ ಸೆಂಟರ್‌ನಲ್ಲಿ ಜಾಗ ಇದೆ, ಇನ್ಶೂರೆನ್ಸ್ ಎಷ್ಟು ಕೊಡುತ್ತೆ, ಯಾರು ಕೆಲಸ ಬಿಡಬೇಕು.

ನಮ್ಮ ಅಭಿಪ್ರಾಯ ಇಷ್ಟು: ಪರೀಕ್ಷೆಗೆ ಕಾಯಬೇಡಿ, ಆದರೆ ಥೆರಪಿಗೆ ಸಹಿ ಹಾಕೋ ಮುಂಚೆ ‘ಎಷ್ಟು ಗಂಟೆ’ ಅನ್ನೋ ಪ್ರಶ್ನೆಯನ್ನ ಪಕ್ಕಕ್ಕಿಟ್ಟು ‘ಯಾವುದಕ್ಕಾಗಿ’ ಅಂತ ಕೇಳಿ. ಅದರ ಜೊತೆಗೇ, ಯಾರು ಏನೇ ಹೇಳಲಿ, ಮಗುವಿನ ಹತ್ತಿರ ಕನ್ನಡದಲ್ಲಿ ಮಾತಾಡೋದನ್ನ ನಿಲ್ಲಿಸಬೇಡಿ.

ಮೊದಲು ಕಾಯುವಿಕೆಯ ವಿಷಯ. ನಮ್ಮಲ್ಲಿ ಮಗುವಿಗೆ ಊಟ ಮಾಡಿಸುವಾಗ ಚಂದಮಾಮನನ್ನ ತೋರಿಸ್ತೀವಲ್ಲ, ಅದನ್ನ ಸ್ವಲ್ಪ ಗಮನಿಸಿ. ಅಮ್ಮ ಬೆರಳು ತೋರಿಸ್ತಾಳೆ, ಮಗು ಬೆರಳನ್ನ ಬಿಟ್ಟು ಚಂದ್ರನನ್ನ ನೋಡುತ್ತೆ, ಆಮೇಲೆ ಅಮ್ಮನ ಮುಖ ನೋಡುತ್ತೆ. ಕೆಲವು ತಿಂಗಳಾದ ಮೇಲೆ ಮಗುವೇ ಬೆರಳು ಎತ್ತಿ ‘ಅಗೋ’ ಅನ್ನುತ್ತೆ. ಅದಕ್ಕೆ ಚಂದ್ರ ಬೇಕಾಗಿಲ್ಲ, ‘ನೀನೂ ನೋಡು’ ಅನ್ನೋದಷ್ಟೇ ಬೇಕು. ವಿಜ್ಞಾನದಲ್ಲಿ ಇದನ್ನ ಹಂಚಿಕೊಂಡ ಗಮನ ಅಂತಾರೆ. ಭಾಷೆ ಬೆಳೆಯೋದಕ್ಕೆ ಇದೊಂದು ಅಡಿಪಾಯ. ಆಟಿಸಂ ಇರೋ ಅನೇಕ ಮಕ್ಕಳಲ್ಲಿ ಇದು ತಡವಾಗಿ ಬರುತ್ತೆ, ಅಥವಾ ಬೇರೆ ರೀತಿಯಲ್ಲಿ ಬರುತ್ತೆ. ಹಾಗಾಗಿ ಬರೀ ಮಾತು ತಡ ಆಗಿದೆಯಾ ಅಂತ ನೋಡಿದ್ರೆ ಸಾಲದು. ಒಂದು ವರ್ಷ ಕಳೆದರೂ ಹೆಸರು ಕರೆದಾಗ ತಿರುಗದಿರೋದು, ಒಂದೂವರೆ ವರ್ಷಕ್ಕೂ ಏನನ್ನೂ ಬೆರಳು ಮಾಡಿ ತೋರಿಸದಿರೋದು, ಎರಡು ವರ್ಷಕ್ಕೆ ತಾನಾಗಿ ಎರಡು ಪದ ಜೋಡಿಸದಿರೋದು, ಬಂದಿದ್ದ ಮಾತು ಹೊರಟುಹೋಗೋದು, ಇವು ಪರೀಕ್ಷೆ ಮಾಡಿಸಲೇಬೇಕಾದ ಸೂಚನೆಗಳು. ಮೊದಲು ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ಸರಿಯಾಗಿ ಕೇಳಿಸದ ಮಗುವೂ ಹೆಸರಿಗೆ ತಿರುಗೋದಿಲ್ಲ.

ಎಂ-ಚಾಟ್ ಒಂದು ಜರಡಿ ಅಷ್ಟೇ. ಅದರಲ್ಲಿ ಸಿಕ್ಕಿಬಿದ್ದ ಎಲ್ಲ ಮಕ್ಕಳಿಗೂ ಆಟಿಸಂ ಇರೋದಿಲ್ಲ. ಆದರೆ ಅವರಲ್ಲಿ ಹೆಚ್ಚಿನವರಿಗೆ ಬೆಳವಣಿಗೆಯಲ್ಲಿ ಏನಾದರೊಂದು ಸಹಾಯ ಬೇಕಾಗಿರುತ್ತೆ. ಇಲ್ಲಿ ಬಹಳ ಜನ ಗಮನಿಸದ ಒಂದು ಅಂಶ ಇದೆ. ಅಮೆರಿಕದಲ್ಲಿ ಮೂರು ವರ್ಷದ ಒಳಗಿನ ಮಕ್ಕಳಿಗೆ ಐಡಿಇಎ ಕಾನೂನಿನ ಅಡಿಯಲ್ಲಿ ಅರ್ಲಿ ಇಂಟರ್ವೆನ್ಷನ್ ಅನ್ನೋ ಸೇವೆ ಇದೆ. ಅದಕ್ಕೆ ಆಟಿಸಂ ಅನ್ನೋ ಹೆಸರು ಸಿಗಬೇಕು ಅಂತಿಲ್ಲ, ಬೆಳವಣಿಗೆ ಸಾಕಷ್ಟು ತಡವಾಗಿದೆ ಅಂತ ಪರೀಕ್ಷೆಯಲ್ಲಿ ಕಂಡರೆ ಸಾಕು. ಡಾಕ್ಟರ ಚೀಟಿ ಇಲ್ಲದೆ ಅಪ್ಪ ಅಮ್ಮ ತಾವೇ ಫೋನ್ ಮಾಡಿ ಕೇಳಬಹುದು. ಕೇಳಿದ 45 ದಿನದೊಳಗೆ ಪರೀಕ್ಷೆ ಮುಗಿಸಿ ಯೋಜನೆಯ ಮೊದಲ ಸಭೆ ನಡೆಸಬೇಕು ಅಂತ ನಿಯಮ ಇದೆ. ಪರೀಕ್ಷೆ ಉಚಿತ, ಮುಂದಿನ ಸೇವೆಗೆ ಕೆಲವು ರಾಜ್ಯಗಳಲ್ಲಿ ಆದಾಯ ನೋಡಿ ಸ್ವಲ್ಪ ಶುಲ್ಕ ಹಾಕ್ತಾರೆ. ಮೂರು ವರ್ಷ ತುಂಬಿದ ಮೇಲೆ ಜವಾಬ್ದಾರಿ ಸರ್ಕಾರಿ ಶಾಲೆಯ ಡಿಸ್ಟ್ರಿಕ್ಟ್‌ದು. ‘ನಾವು ಎಚ್-1ಬಿ ವೀಸಾದಲ್ಲಿ ಇರೋರು, ನಮಗೆ ಇದೆಲ್ಲ ಸಿಗುತ್ತಾ?’ ಅಂತ ಹಿಂಜರಿಯೋರಿದ್ದಾರೆ. ಸಿಗುತ್ತೆ. ಈ ಕಾನೂನು ಮಗುವಿನ ಅಗತ್ಯವನ್ನ ನೋಡುತ್ತೆ, ವೀಸಾವನ್ನ ನೋಡೋದಿಲ್ಲ. ದೊಡ್ಡ ಆಸ್ಪತ್ರೆಯ ಅಪಾಯಿಂಟ್‌ಮೆಂಟ್‌ಗೆ ಹೆಸರು ಬರೆಸಿ, ಅದೇ ದಿನ ಇವರಿಗೂ ಫೋನ್ ಮಾಡಿ. ಎರಡೂ ಸಾಲುಗಳಲ್ಲಿ ಒಟ್ಟಿಗೇ ನಿಲ್ಲಬಹುದು.

ಬೇರೆ ದೇಶಗಳಲ್ಲಿ ನಿಯಮ ಬೇರೆ. ಆಸ್ಟ್ರೇಲಿಯಾದ ಎನ್‌ಡಿಐಎಸ್ ಯೋಜನೆ ತಾತ್ಕಾಲಿಕ ವೀಸಾದವರಿಗೆ ಸಿಗೋದಿಲ್ಲ. ಇಂಗ್ಲೆಂಡಿನಲ್ಲಿ ಶಾಲೆಯ ನೆರವಿಗೆ ಇಎಚ್‌ಸಿ ಪ್ಲಾನ್ ಅಂತಿದೆ, ಕೇಳಿದ 20 ವಾರದೊಳಗೆ ಆ ಪ್ರಕ್ರಿಯೆ ಮುಗೀಬೇಕು. ಎಲ್ಲೇ ಇರಲಿ, ಮನವಿಯನ್ನ ಬರಹದಲ್ಲಿ ಕೊಡಿ, ತಾರೀಖು ಹಾಕಿ ಒಂದು ಪ್ರತಿ ಇಟ್ಕೊಳ್ಳಿ. ಗಡುವಿನ ಲೆಕ್ಕ ಶುರು ಆಗೋದು ಅಲ್ಲಿಂದ.

ಇನ್ನು ‘ನಾವೇನು ತಪ್ಪು ಮಾಡಿದ್ವಿ’ ಅನ್ನೋ ಪ್ರಶ್ನೆ. ಇದನ್ನ ನೇರವಾಗಿ ಎದುರಿಸೋಣ. ಲಿಯೋ ಕ್ಯಾನರ್ ಅನ್ನೋ ವೈದ್ಯರು 1943ರಲ್ಲಿ ಬಾಲ್ಟಿಮೋರ್‌ನಲ್ಲಿ 11 ಮಕ್ಕಳ ಬಗ್ಗೆ ಬರೆದ ಲೇಖನದಿಂದ ಆಟಿಸಂ ಅನ್ನೋದು ಮಕ್ಕಳ ವೈದ್ಯಶಾಸ್ತ್ರದ ನಕ್ಷೆಗೆ ಬಂತು. ಅದಾದ ಮೇಲೆ ಸುಮಾರು ಮೂರು ದಶಕ, ತಾಯಿಯ ಪ್ರೀತಿ ಸಾಲದೇ ಮಗು ಹೀಗಾಗುತ್ತೆ ಅನ್ನೋ ವಾದ ನಡೀತು. ಅಂಥ ತಾಯಂದಿರಿಗೆ ‘ರೆಫ್ರಿಜರೇಟರ್ ತಾಯಿ’ ಅಂತ ಹೆಸರೇ ಇಟ್ಟಿದ್ರು. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ 21 ಅವಳಿ ಜೋಡಿಗಳನ್ನ ಅಧ್ಯಯನ ಮಾಡಿದ್ರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ 4 ಜೋಡಿಗಳಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಸಣ್ಣ ಅಧ್ಯಯನ, ಆದರೆ ದಿಕ್ಕು ಬದಲಾಯ್ತು. 2019ರಲ್ಲಿ ಐದು ದೇಶಗಳ ಸುಮಾರು 20 ಲಕ್ಷ ಜನರ ದಾಖಲೆಗಳನ್ನ ನೋಡಿದ ಅಧ್ಯಯನದ ಪ್ರಕಾರ, ಜನರ ನಡುವೆ ಆಟಿಸಂನಲ್ಲಿ ಕಾಣೋ ವ್ಯತ್ಯಾಸದ ಸುಮಾರು 80 ಶೇಕಡಾ ಆನುವಂಶಿಕ ಅಂಶಗಳಿಂದ ಬರುತ್ತೆ. ಇದಕ್ಕೆ ‘ಆಟಿಸಂ ಜೀನ್’ ಅಂತ ಒಂದೇ ಒಂದು ಇಲ್ಲ. ನೂರಕ್ಕೂ ಹೆಚ್ಚು ಜೀನ್‌ಗಳ ಸಂಬಂಧ ಈಗಾಗಲೇ ಗುರುತಾಗಿದೆ, ಅವುಗಳಲ್ಲಿ ಬಹಳಷ್ಟು ಗರ್ಭದಲ್ಲಿ ಮೆದುಳು ರೂಪುಗೊಳ್ಳುವಾಗಲೇ ಕೆಲಸ ಮಾಡುವಂಥವು. ಅಂದ್ರೆ ನೀವು ಕೆಲಸಕ್ಕೆ ಹೋಗಿದ್ದು, ಮಗುವನ್ನ ಡೇಕೇರ್‌ಗೆ ಬಿಟ್ಟಿದ್ದು, ಊರು ಬಿಟ್ಟು ಬಂದಿದ್ದು, ಯಾವುದೂ ಇದಕ್ಕೆ ಕಾರಣ ಅಲ್ಲ.

ಲಸಿಕೆಯೂ ಅಲ್ಲ. 1998ರಲ್ಲಿ 12 ಮಕ್ಕಳನ್ನಿಟ್ಟುಕೊಂಡು ಎಂಎಂಆರ್ ಲಸಿಕೆಯ ಮೇಲೆ ಅನುಮಾನ ಹುಟ್ಟಿಸಿದ ಲೇಖನವನ್ನ ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. 2019ರಲ್ಲಿ ಡೆನ್ಮಾರ್ಕಿನ 6,57,461 ಮಕ್ಕಳ ಅಧ್ಯಯನದಲ್ಲಿ, ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಆಟಿಸಂ ಹೆಚ್ಚಾಗಿರಲಿಲ್ಲ. ಈ ಚರ್ಚೆಗೆ ನಾವು ಇನ್ನೊಂದು ನಿಮಿಷ ಕೊಡೋದಿಲ್ಲ.

ಈಗ ಥೆರಪಿ. ‘ವಾರಕ್ಕೆ 40 ಗಂಟೆ’ ಅನ್ನೋ ಸಂಖ್ಯೆ ಎಲ್ಲಿಂದ ಬಂತು? ಅದರ ಮೂಲದಲ್ಲಿರೋದು 1987ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎನಲ್ಲಿ ಐವಾರ್ ಲೋವಾಸ್ ಪ್ರಕಟಿಸಿದ ಅಧ್ಯಯನ. ವಾರಕ್ಕೆ 40 ಗಂಟೆ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಐಕ್ಯೂ ತಲುಪಿ ಸಾಮಾನ್ಯ ಒಂದನೇ ತರಗತಿಗೆ ಹೋದರು ಅಂತ ಅದು ಹೇಳಿತು. ‘ಈ ಮಕ್ಕಳು ಏನೂ ಕಲಿಯೋದಿಲ್ಲ’ ಅಂತ ಸಂಸ್ಥೆಗಳಿಗೆ ಸೇರಿಸಿಬಿಡ್ತಿದ್ದ ಕಾಲ ಅದು. ಆ ನಂಬಿಕೆಯನ್ನ ಒಡೆದ ಶ್ರೇಯ ಈ ಕೆಲಸಕ್ಕೆ ಸಲ್ಲಬೇಕು. ಆದರೆ ಸಂಶೋಧಕರಾಗಿ ನೋಡಿದ್ರೆ ಅಲ್ಲಿ ದೊಡ್ಡ ತೊಡಕುಗಳಿವೆ. ಮಕ್ಕಳನ್ನ ಗುಂಪುಗಳಿಗೆ ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಹಂಚಿರಲಿಲ್ಲ. ಕಲಿಸೋ ವಿಧಾನದಲ್ಲಿ ಗದರಿಸೋದು, ತೊಡೆಗೆ ಹೊಡೆಯೋದೂ ಇತ್ತು. ಯಶಸ್ಸಿನ ಅಳತೆಗೋಲು ಮಗು ಎಷ್ಟು ‘ಸಾಮಾನ್ಯ’ವಾಗಿ ಕಾಣುತ್ತೆ ಅನ್ನೋದಾಗಿತ್ತು.

ಇವತ್ತಿನ ಎಬಿಎ ಬದಲಾಗಿದೆ. ಒಳ್ಳೆಯ ಸೆಂಟರ್‌ಗಳಲ್ಲಿ ಶಿಕ್ಷೆ ಇಲ್ಲ, ಆಟದ ನಡುವೆ ಕಲಿಸ್ತಾರೆ. ಆದರೂ ಚಿಕ್ಕಂದಿನಲ್ಲಿ ಈ ಥೆರಪಿಯನ್ನ ಅನುಭವಿಸಿದ ಎಷ್ಟೋ ಆಟಿಸ್ಟಿಕ್ ವಯಸ್ಕರು ತಮ್ಮ ನೋವನ್ನ ಬಹಿರಂಗವಾಗಿ ಹೇಳಿದ್ದಾರೆ. ಕೈ ಅಲ್ಲಾಡಿಸಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡು, ಸುಮ್ಮನೆ ಕೂರು, ಹೀಗೆ ತಮ್ಮನ್ನ ಮುಚ್ಚಿಟ್ಟುಕೊಳ್ಳೋದನ್ನೇ ಕಲಿತೆವು ಅನ್ನೋದು ಅವರ ದೂರು. ಈ ಮಾತನ್ನ ತಳ್ಳಿಹಾಕಬಾರದು. ನಿಮ್ಮ ಮಗುವಿಗೆ ಇಪ್ಪತ್ತೈದು ವರ್ಷ ಆದಾಗ ಅದು ಏನು ಹೇಳಬಹುದು ಅನ್ನೋದರ ಸುಳಿವು ಇವತ್ತು ಸಿಗೋದು ಅವರಿಂದಲೇ.

ಹಾಗಾದ್ರೆ ಗಂಟೆಗಳ ಬಗ್ಗೆ ಪುರಾವೆ ಏನು ಹೇಳುತ್ತೆ? 2024ರಲ್ಲಿ ಜಾಮಾ ಪೀಡಿಯಾಟ್ರಿಕ್ಸ್‌ನಲ್ಲಿ ಬಂದ ಒಂದು ವಿಶ್ಲೇಷಣೆ 144 ಅಧ್ಯಯನಗಳ 9,038 ಮಕ್ಕಳ ಮಾಹಿತಿಯನ್ನ ಒಟ್ಟಿಗೆ ನೋಡಿತು. ಗಂಟೆ ಜಾಸ್ತಿ ಆದ ಹಾಗೆ ಫಲವೂ ಜಾಸ್ತಿ ಆಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ‘ಥೆರಪಿಯಿಂದ ಪ್ರಯೋಜನ ಇಲ್ಲ’ ಅಂತ ಇದರ ಅರ್ಥ ಅಲ್ಲ. 40 ಗಂಟೆ ಸಿಗಲಿಲ್ಲ ಅಂತ ಅಪರಾಧಿ ಭಾವದಲ್ಲಿ ಕೊರಗಬೇಕಾಗಿಲ್ಲ ಅನ್ನೋದಷ್ಟೇ. ಎರಡೂವರೆ ವರ್ಷದ ಮಗು ವಾರಕ್ಕೆ 40 ಗಂಟೆ ಕೆಲಸ ಮಾಡೋದು ಅಂದ್ರೆ ಅದರ ಅಪ್ಪ ಅಮ್ಮನಷ್ಟೇ ಡ್ಯೂಟಿ. ನಿದ್ದೆ, ಆಟ, ಅಜ್ಜಿಯ ಜೊತೆ ಹರಟೆಗೆ ಸಮಯ ಎಲ್ಲಿ ಉಳೀತು?

ಪುರಾವೆ ಸ್ವಲ್ಪ ಚೆನ್ನಾಗಿರೋದು ಆಟದೊಳಗೆ, ಮಗುವಿನ ಆಸಕ್ತಿಯನ್ನ ಹಿಂಬಾಲಿಸಿ ಕಲಿಸೋ ವಿಧಾನಗಳಿಗೆ. ಸ್ಯಾಲಿ ರಾಜರ್ಸ್ ಮತ್ತು ಜೆರಾಲ್ಡಿನ್ ಡಾಸನ್ ರೂಪಿಸಿದ ಅರ್ಲಿ ಸ್ಟಾರ್ಟ್ ಡೆನ್ವರ್ ಮಾಡೆಲ್‌ನ 2010ರ ಪ್ರಯೋಗದಲ್ಲಿ 48 ಪುಟ್ಟ ಮಕ್ಕಳಿದ್ದರು. ಎರಡು ವರ್ಷದ ನಂತರ ಭಾಷೆ, ಬುದ್ಧಿಮಟ್ಟ, ದಿನನಿತ್ಯದ ಕೌಶಲ್ಯಗಳಲ್ಲಿ ಒಳ್ಳೆಯ ಪ್ರಗತಿ ಕಂಡಿತು. 2019ರಲ್ಲಿ ಮೂರು ಕೇಂದ್ರಗಳಲ್ಲಿ ಮತ್ತೆ ಪ್ರಯೋಗಿಸಿದಾಗ ಫಲ ಅಷ್ಟು ಜೋರಾಗಿರಲಿಲ್ಲ. ಯಾವ ವಿಧಾನವೂ ಮಂತ್ರದಂಡ ಅಲ್ಲ.

ನಮಗೆ ತುಂಬ ಮುಖ್ಯ ಅನ್ನಿಸಿದ ಪ್ರಯೋಗ ನಡೆದಿದ್ದು ಅಮೆರಿಕದಲ್ಲಲ್ಲ, ಕರ್ನಾಟಕದ ಪಕ್ಕದ ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ. ಬ್ರಿಟನ್ನಿನಲ್ಲಿ ಜೊನಾಥನ್ ಗ್ರೀನ್ ಅವರ ತಂಡ ಪ್ಯಾಕ್ಟ್ ಅನ್ನೋ ವಿಧಾನ ರೂಪಿಸಿತ್ತು. ಅಪ್ಪ ಅಮ್ಮ ಮಗುವಿನ ಜೊತೆ ಆಡೋದನ್ನ ವಿಡಿಯೋ ಮಾಡಿ, ಆಮೇಲೆ ಅವರ ಜೊತೆ ಕೂತು ನೋಡಿ, ‘ಇಲ್ಲಿ ನೋಡಿ, ಮಗು ನಿಮ್ಮನ್ನ ಕರೀತಾ ಇತ್ತು’ ಅಂತ ತೋರಿಸಿಕೊಡೋದು. ಗೋವಾದ ಸಂಗಾತ್ ಸಂಸ್ಥೆಯ ಗೌರಿ ದಿವಾನ್ ಮತ್ತಿತರರು ಇದನ್ನ ದಕ್ಷಿಣ ಏಷ್ಯಾಕ್ಕೆ ಹೊಂದಿಸಿದ್ರು. ದುಬಾರಿ ತಜ್ಞರ ಬದಲು ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಆರು ತಿಂಗಳಲ್ಲಿ 12 ಭೇಟಿ ಮಾಡಿದ್ರು. 65 ಮಕ್ಕಳ ಆ ಪ್ರಯೋಗ 2016ರಲ್ಲಿ ಪ್ರಕಟವಾಯ್ತು. ಅಪ್ಪ ಅಮ್ಮ ಮಗುವಿನ ಲಯಕ್ಕೆ ಹೊಂದಿಕೊಂಡು ಪ್ರತಿಕ್ರಿಯಿಸೋದು ಹೆಚ್ಚಾಯ್ತು, ಮಗು ತಾನಾಗಿ ಸಂವಹನ ಶುರು ಮಾಡೋದೂ ಹೆಚ್ಚಾಯ್ತು. ಎಲ್ಲ ಅಳತೆಗಳಲ್ಲೂ ಲಾಭ ಕಾಣಲಿಲ್ಲ, ಹಂಚಿಕೊಂಡ ಗಮನದ ಸಮಯ ಹೆಚ್ಚಾಗಲಿಲ್ಲ. ಆದರೂ ಗಮನಿಸಿ, ವಾರಕ್ಕೆ 30 ಗಂಟೆ ಅಲ್ಲ, ಆರು ತಿಂಗಳಿಗೆ 12 ಭೇಟಿ. ಉಳಿದದ್ದೆಲ್ಲ ಮನೆಯೊಳಗೆ, ಮನೆಮಾತಿನಲ್ಲಿ.

ಹಾಗಾಗಿ ಸೆಂಟರ್‌ಗೆ ಹೋದಾಗ ಏನು ಕೇಳಬೇಕು? ಮೊದಲು, ಲಿಖಿತ ಗುರಿಗಳ ಪಟ್ಟಿ ಕೇಳಿ. ಒಂದೊಂದು ಗುರಿಯ ಮುಂದೆಯೂ ‘ಇದರಿಂದ ಮಗುವಿನ ದಿನ ಹೇಗೆ ಸುಲಭ ಆಗುತ್ತೆ?’ ಅಂತ ಕೇಳಿ. ‘ಹತ್ತರಲ್ಲಿ ಎಂಟು ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು’ ಅಂತಿದ್ರೆ ಅದು ನೋಡುವವರ ಸಮಾಧಾನಕ್ಕೆ. ‘ಬೇಡ, ಸಾಕು, ನೋವಾಗ್ತಿದೆ ಅಂತ ತಿಳಿಸುವುದು’ ಅಂತಿದ್ರೆ ಅದು ಮಗುವಿಗೆ. ಕೈ ಅಲ್ಲಾಡಿಸೋದು ಯಾರಿಗೂ ತೊಂದರೆ ಮಾಡ್ತಿಲ್ಲ ಅಂದ್ರೆ ಅದನ್ನ ನಿಲ್ಲಿಸೋದು ಗುರಿಯೇ ಆಗಬಾರದು. ತಲೆ ಗೋಡೆಗೆ ಚಚ್ಚಿಕೊಳ್ಳೋದು ಬೇರೆ, ಅದಕ್ಕೆ ತುರ್ತಾಗಿ ಸಹಾಯ ಬೇಕು. ವರ್ತನಾ ವಿಜ್ಞಾನದ ನಿಜವಾದ ಶಕ್ತಿ ಕಾಣೋದು ಇಲ್ಲೇ. ಮಗು ಕಿರುಚೋದಕ್ಕೆ ಮುಂಚೆ ಏನಾಯ್ತು, ಕಿರುಚಿದ ಮೇಲೆ ಏನು ಸಿಕ್ಕಿತು ಅಂತ ಕೆಲವು ದಿನ ಬರೆದಿಡ್ತಾರೆ. ಹಲ್ಲುಜ್ಜುವಾಗ ಪ್ರತಿದಿನ ರಂಪ ಅಂದ್ರೆ ಅದು ಹಠ ಇರಬಹುದು, ಪೇಸ್ಟಿನ ಖಾರ ಇರಬಹುದು, ಬಾತ್‌ರೂಮಿನ ಫ್ಯಾನಿನ ಸದ್ದೂ ಇರಬಹುದು. ಕಾರಣ ಸಿಕ್ಕಿದ್ರೆ ಪರಿಹಾರ ಎಷ್ಟೋ ಸಲ ಪೇಸ್ಟ್ ಬದಲಾಯಿಸಿದಷ್ಟೇ ಸುಲಭ.

ಎರಡನೆಯದಾಗಿ, ಮಗುವಿನ ಜೊತೆ ದಿನವೂ ಕೂರೋರು ಯಾರು ಅಂತ ಕೇಳಿ. ಯೋಜನೆ ಬರೆಯೋ ಬಿಸಿಬಿಎ ಸ್ನಾತಕೋತ್ತರ ಪದವೀಧರರು. ಆದರೆ ಹೆಚ್ಚಿನ ಗಂಟೆ ಕೂರೋದು ಆರ್‌ಬಿಟಿ. ಆ ಪ್ರಮಾಣಪತ್ರಕ್ಕೆ ಬೇಕಾಗಿರೋದು ಹೈಸ್ಕೂಲು ಮತ್ತು 40 ಗಂಟೆಗಳ ತರಬೇತಿ, ಜೊತೆಗೆ ಒಂದು ಪರೀಕ್ಷೆ. ಬಹಳ ಒಳ್ಳೆಯ ಆರ್‌ಬಿಟಿಗಳಿದ್ದಾರೆ, ಆದರೆ ಮೇಲ್ವಿಚಾರಣೆ ವಾರಕ್ಕೆ ಎಷ್ಟು ಅನ್ನೋದು ಕೇಳಲೇಬೇಕಾದ ಪ್ರಶ್ನೆ. ನೀವು ಕೂತು ನೋಡಬಹುದಾ? ‘ಇಲ್ಲ’ ಅಂದ್ರೆ ಬೇರೆ ಕಡೆ ನೋಡಿ. ಮೂರನೆಯದು, ಮೂರು ತಿಂಗಳಲ್ಲಿ ಪ್ರಗತಿ ಕಾಣದಿದ್ರೆ ಏನು ಬದಲಾಯಿಸ್ತೀರಿ? ‘ಗಂಟೆ ಹೆಚ್ಚಿಸ್ತೀವಿ’ ಅನ್ನೋದು ಒಂದೇ ಉತ್ತರ ಆಗಿದ್ರೆ ಅನುಮಾನ ಪಡಿ. ಮಾತು ಮತ್ತು ಭಾಷೆಯ ಥೆರಪಿ ಇದರ ಜೊತೆ ಇದೆಯಾ ಅಂತಲೂ ಕೇಳಿ. ಮಾತು ಬರದ ಮಗುವಿಗೆ ಚಿತ್ರದ ಕಾರ್ಡು, ಟ್ಯಾಬ್ಲೆಟ್ ಕೊಟ್ಟರೆ ಮಾತು ಬರೋದೇ ನಿಂತುಹೋಗುತ್ತೆ ಅನ್ನೋ ಭಯ ಬೇಡ. ಸಂಶೋಧನೆಗಳು ಅಂಥ ಹಾನಿಯನ್ನ ಕಂಡಿಲ್ಲ.

ಈಗ ಕನ್ನಡದ ವಿಷಯ. ‘ಮಗುವಿಗೆ ಗೊಂದಲ ಆಗುತ್ತೆ, ಮನೆಯಲ್ಲಿ ಇಂಗ್ಲಿಷ್ ಒಂದೇ ಮಾತಾಡಿ’ ಅನ್ನೋ ಸಲಹೆ ಇನ್ನೂ ಕೇಳಿಬರುತ್ತೆ. ಒಳ್ಳೆಯ ಮನಸ್ಸಿನಿಂದಲೇ ಹೇಳ್ತಾರೆ, ಆದರೆ ಪುರಾವೆ ಅದರ ಹಿಂದೆ ಇಲ್ಲ. 2012ರಲ್ಲಿ ಮಾಂಟ್ರಿಯಲ್‌ನಲ್ಲಿ ಆಟಿಸಂ ಇರೋ 75 ಮಕ್ಕಳನ್ನ ನೋಡಿದ ಅಧ್ಯಯನದಲ್ಲಿ, ಎರಡು ಭಾಷೆ ಕೇಳಿ ಬೆಳೆದ ಮಕ್ಕಳ ಮಾತು ಒಂದೇ ಭಾಷೆ ಕೇಳಿದವರಿಗಿಂತ ಹಿಂದೆ ಬಿದ್ದಿರಲಿಲ್ಲ. ಆಮೇಲಿನ ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ. ಇನ್ನೊಂದು ಪಕ್ಕದ ಲೆಕ್ಕವನ್ನೂ ಹಾಕಿ. ಕನ್ನಡ ಬಿಟ್ಟರೆ ಮಗು ಕಳಕೊಳ್ಳೋದು ಬರೀ ಒಂದು ಭಾಷೆ ಅಲ್ಲ. ಅಮ್ಮ ಯೋಚಿಸದೆ ಆಡೋ ಮಾತು, ಮುದ್ದು, ಗದರಿಕೆ, ಹಾಡು, ಊರಿನ ಅಜ್ಜಿ ತಾತ, ಎಲ್ಲ ಒಟ್ಟಿಗೆ ಹೋಗುತ್ತೆ. ಸಂವಹನವೇ ಕಷ್ಟವಾಗಿರೋ ಮಗುವಿನ ಸುತ್ತ ಮಾತಾಡೋ ಜನರನ್ನ ಕಡಿಮೆ ಮಾಡೋದು ಯಾವ ಚಿಕಿತ್ಸೆ? ಐಡಿಇಎ ಕಾನೂನು, ಸಾಧ್ಯವಿದ್ದಲ್ಲೆಲ್ಲ ಮಗುವಿನ ಮನೆಮಾತಿನಲ್ಲೇ ಪರೀಕ್ಷೆ ಆಗಬೇಕು ಅನ್ನುತ್ತೆ. ‘ನಮ್ಮ ಮಗು ಕನ್ನಡ ಕೇಳಿ ಬೆಳೀತಿದೆ’ ಅಂತ ಫಾರಂನಲ್ಲೇ ಬರೀರಿ. ‘ನೀರು’, ‘ಬೇಡ’, ‘ಇನ್ನೂ’ ಅನ್ನೋ ಪದಗಳನ್ನ ಕನ್ನಡ ಲಿಪಿಯ ಉಚ್ಚಾರಣೆ ಸಹಿತ ಥೆರಪಿಸ್ಟ್‌ಗೆ ಬರೆದು ಕೊಡಿ. ಇಲ್ಲದಿದ್ರೆ ಮಗು ‘ನೀರು’ ಅಂದದ್ದನ್ನ ಅರ್ಥವಿಲ್ಲದ ಸದ್ದು ಅಂತ ಅವರು ಎಣಿಸೋ ಅಪಾಯ ಇದೆ.

ಊರಿಗೆ ವಾಪಸ್ ಹೋಗೋ ಯೋಚನೆ ಇರೋರಿಗೆ ಎರಡು ಮಾತು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕನ್ನಡದಲ್ಲೇ ಪರೀಕ್ಷೆ, ಸಲಹೆ ಸಿಗುತ್ತೆ. ಇಲ್ಲಿನ ರಿಪೋರ್ಟುಗಳನ್ನೆಲ್ಲ ಜೋಪಾನವಾಗಿ ಇಟ್ಕೊಂಡು ಹೋಗಿ.

ಎರಡೂ ದೇಶಗಳಲ್ಲಿ ‘ಗುಣಪಡಿಸ್ತೀವಿ’ ಅನ್ನೋ ಅಂಗಡಿಗಳಿವೆ. ಸ್ಟೆಮ್ ಸೆಲ್, ಅಧಿಕ ಒತ್ತಡದ ಆಮ್ಲಜನಕ, ರಕ್ತದಿಂದ ಲೋಹ ತೆಗೆಯೋ ಕೀಲೇಷನ್. 2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಒಬ್ಬ ಹುಡುಗ ಕೀಲೇಷನ್ ವೇಳೆ ತೀರಿಕೊಂಡ. ಗುಣದ ಭರವಸೆ ಕೊಡೋರಿಂದ ದೂರ ಇರಿ.

ಕೊನೆಯದಾಗಿ ಒಂದು ಕೋರಿಕೆ. ಈ ಸಂಚಿಕೆಯನ್ನ ನಿಮ್ಮ ಊರಿನ ಅಜ್ಜಿ ತಾತಂದಿರಿಗೆ ಕಳಿಸಿ. ‘ಸರಿ ಹೋಗುತ್ತೆ ಬಿಡಿ’ ಅನ್ನೋದಕ್ಕಿಂತ ‘ಮಗು ಏನು ಇಷ್ಟಪಡುತ್ತೆ, ನಾವು ಅದರ ಜೊತೆ ವಿಡಿಯೋದಲ್ಲಿ ಹೇಗೆ ಆಡಬೇಕು ಹೇಳಿ’ ಅಂತ ಅವರು ಕೇಳಿದ್ರೆ, ಆ ಮನೆಗೆ ಅದು ದೊಡ್ಡ ಬೆಂಬಲ. ಕನ್ನಡ ಸಂಘಗಳಿಗೂ ಒಂದು ಮಾತು: ರಾಜ್ಯೋತ್ಸವದ ಸಭಾಂಗಣದಲ್ಲಿ ಮೈಕಿನ ಸದ್ದು ಕೇಳಿಸದ ಒಂದು ಕೋಣೆಯನ್ನ ತೆರೆದಿಡಿ. ಸದ್ದು ತಡೆಯಲಾಗದ ಮಗುವಿನ ಕುಟುಂಬ ಅವತ್ತು ಊಟ ಮುಗಿಯೋವರೆಗೂ ಉಳಿಯುತ್ತೆ.